ಒಂಬತ್ತನೇ ಸಾಲಿನ ಉದ್ದ ದಂಟು

ಸನವಳ್ಳಿಯ ಗದ್ದೆಯ ಮೇಲೆ ಮಂಜು ಇನ್ನೂ ಕೂತಿದೆ. ಅಲಸಂದಿ ಹೂವುಗಳು ಈಗಷ್ಟೇ ಬಾಯಿ ಬಿಡುತ್ತಿವೆ. ಸಿರಾಜುನ್ನಿಸಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಒಂದು ಹೂವಿನ ದಳವನ್ನು ಹೆಬ್ಬೆರಳಲ್ಲಿ ಸರಿಸಿ ಒಳಗೆ ಇಣುಕುತ್ತಾರೆ. ಹುಳು ಮಲಗಿದೆ. ದಳವನ್ನು ಮತ್ತೆ ಹೊದಿಸಿ, ವಹಿಯಲ್ಲಿ ಹುಳುವಿನ ಲೆಕ್ಕಕ್ಕೆ ಒಂದು ಗೀಟು ಎಳೆಯುತ್ತಾರೆ. ಇಲ್ಲಿನ ಹುಳುಗಳು ಅವರ ಬಳೆಯ ಸದ್ದು ಕೇಳಿದರೆ ಎದ್ದು ಹಾಜರಿ ಹೇಳುತ್ತವೆ ಎಂದು ಊರಲ್ಲಿ ಮಾತಿದೆ. ಅವರು ಅಲ್ಲಗಳೆಯುವುದಿಲ್ಲ.

ಹನ್ನೆರಡು ಸಾಲು, ಸಾಲಿಗೊಂದು ತಳಿ, ಸಾಲಿಗೆ ಐವತ್ತು ಹೂವು. ಬಿಸಿಲೇರಿ ಹೂವು ಮುಚ್ಚುವ ಮೊದಲು ಆರುನೂರೂ ಮುಗಿಯಬೇಕು. ಬೀಜ ಪ್ರಯೋಗದ ಈ ಗದ್ದೆಯಲ್ಲಿ ನಾಲ್ಕು ವರ್ಷದಿಂದ ದಿನಗೂಲಿಗೆ ಇದೇ ಕೆಲಸ. ಮುಂಡಗೋಡದ ಸಂತೆಯಲ್ಲಿ ಮಲ್ಲಿಗೆ ಬುಟ್ಟಿ ಕಂಡರೂ ಕೈ ತಾನಾಗಿ ಎಣಿಸಲು ಶುರು ಮಾಡುತ್ತದಂತೆ.

ಒಂಬತ್ತನೇ ಸಾಲಿನ ಗುಣ ಮೊದಲು ಕಂಡದ್ದು ಅವರಿಗೇ. ಅಲ್ಲಿನ ಹೂವುಗಳು ಉದ್ದ ದಂಟಿನ ಮೇಲೆ, ಎಲೆಗಿಂತ ಗೇಣು ಎತ್ತರದಲ್ಲಿ, ಬಿಡಿಬಿಡಿಯಾಗಿ ನಿಲ್ಲುತ್ತವೆ. ಮೂರನೇ ಸಾಲಿನಲ್ಲಿ ಹೂವೆಲ್ಲ ಎಲೆಯೊಳಗೇ ಗೊಂಚಲು.

“ಗೊಂಚಲಿದ್ರ ಹುಳಕ್ಕ ಚೈನಿ ನೋಡ್ರಿ. ಹೂವಿಗೆ ಹೂವು, ಎಲಿಗೆ ಎಲಿ ನೂಲ್ಲೆ ಹೊಲ್ದು ಒಳಗ ಮನಿ ಮಾಡ್ತೈತಿ. ಉದ್ದ ದಂಟಿನ್ಯಾಗ ಗ್ವಾಡಿ ಇಲ್ಲ, ಸೂರಿಲ್ಲ. ಹಕ್ಕಿ ಕಣ್ಣಿಗೂ ಬೀಳ್ತೈತಿ. ಅಂಥಾ ಮನ್ಯಾಗ ಯಾರ್ ಇರ್ತಾರ?” ಎನ್ನುತ್ತಾರೆ ಸಿರಾಜುನ್ನಿಸಾ.

ಆದರೆ ಒಂಬತ್ತನೇ ಸಾಲು ಕಾಯಿ ಬಿಡುವುದೂ ಕಡಿಮೆ. ಹುಳುವಿನ ಕಾಟ ನಿಜಕ್ಕೂ ಕಡಿಮೆಯೆಂದು ಎಣಿಕೆ ತೋರಿಸದಿದ್ದರೆ ತಳಿಯನ್ನೇ ಕೈಬಿಡುವುದೆಂದು ಮೇಲಿನವರ ತೀರ್ಮಾನ. ಕಳೆದ ವರ್ಷ ಮಗಳು ಅಂಬರೀನಳ ಮದುವೆಗೆಂದು ಸಿರಾಜುನ್ನಿಸಾ ಎಂಟು ದಿನ ಹಳಿಯಾಳಕ್ಕೆ ಹೋದರು. ಎಣಿಕೆ ಜತೆಗಾತಿ ಮುದಕವ್ವನ ಪಾಲಿಗೆ ಬಂತು. ಮುದಕವ್ವ ತಪ್ಪದೆ ಎಣಿಸಿದರು. ಎಣಿಸಿದ ಪ್ರತಿ ಹುಳುವನ್ನೂ ತಪ್ಪದೆ ಹೊಸಕಿದರು. ವಾರದಲ್ಲಿ ಹನ್ನೆರಡೂ ತಳಿಗೆ ಹುಳು ಹತ್ತದ ವರ ಒಟ್ಟಿಗೇ ಸಿಕ್ಕಿಬಿಟ್ಟಿತು. ಎಣಿಕೆ ಕೆಟ್ಟಿತು.

“ಕಂಡ ಹುಳ ಹಂಗ ಬಿಡಾಕ ಬರ್ತೈತೇನ? ಅಕ್ಕಿ ಆರಿಸಿದ ಕೈ ಇದು,” ಎನ್ನುತ್ತಾರೆ ಮುದಕವ್ವ, ಈಗಲೂ.

“ಹೌದ ಯಕ್ಕಾ, ಹುಳದ ಜೋಡಿ ನನ್ನ ಸಾಲೂ ಹೊಸಕಿದ್ದಿ,” ಎಂದು ಸಿರಾಜುನ್ನಿಸಾ ತಲೆ ಎತ್ತದೆಯೇ ತಿವಿಯುತ್ತಾರೆ.

ಪ್ರಯೋಗದ ಉಸ್ತುವಾರಿ ವಿದ್ಯಾವತಿ ಮೇಡಂ ಕಾಡಿ ಬೇಡಿ ಇನ್ನೊಂದೇ ವರ್ಷ ಕೇಳಿ ತಂದರು. ಇಂದು ಆ ವರ್ಷದ ಕೊನೆಯ ಎಣಿಕೆ. ಮುದಕವ್ವ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬದುವಿನ ಮೇಲೆ ನಿಂತಿದ್ದಾರೆ. ಮೂರನೇ ಸಾಲಿಗೆ ಇಪ್ಪತ್ತಾರು ಹುಳು. ಒಂಬತ್ತನೆಯದಕ್ಕೆ ನಾಲ್ಕು. ವಿದ್ಯಾವತಿ ಇಡೀ ಹಂಗಾಮಿನ ಗೀಟುಗಳನ್ನು ಎರಡು ಸಲ ಕೂಡಿಸುತ್ತಾರೆ.

“ತಳಿ ಉಳೀತು ಸಿರಾಜಕ್ಕ! ಮುಂದಿನ ವರ್ಷ ಜೊಯಿಡಾ, ಹಳಿಯಾಳದ ಹೊಲಕ್ಕೂ ಹೊಕ್ಕೈತಿ. ನಿಮಗೇನ್ ಬೇಕು ಕೇಳ್ರಿ.”

ಸಿರಾಜುನ್ನಿಸಾ ವಹಿ ಮುಚ್ಚುತ್ತಾರೆ.

“ಒಂದು ಬೊಗಸಿ ಕಾಳು ಕೊಡ್ರಿ ಮೇಡಂ. ನಾಲ್ಕು ವರ್ಷ ಆತು, ಎಲ್ಲಾ ಬೀಜಕ್ಕ ಹೊಕ್ಕಾವ. ಇದರ ಸಾರು ಹೆಂಗಿರ್ತೈತಿ ಅಂತ ನಾ ಇನ್ನೂ ನೋಡೇ ಇಲ್ಲ.”