ಗಂಜಿ ಹಾಕಿದ ಚೀಲ

ಕಳೆದ ಭಾನುವಾರ ನಮ್ಮ ಮಲಾಡಿನ ಮನೆಯ ವ್ಯಾಕ್ಯೂಮ್ ಕ್ಲೀನರ್ ಕೈಕೊಟ್ಟಿತು. ಸದ್ದಿಗೇನೂ ಕೊರತೆಯಿಲ್ಲ, ಇಡೀ ಬಿಲ್ಡಿಂಗಿಗೆ ಕೇಳುವಷ್ಟು ಅರಚುತ್ತದೆ. ನೆಲದ ಮೇಲಿನ ಒಂದು ಕೂದಲನ್ನೂ ಎಳೆದುಕೊಳ್ಳದು. "ಪಪ್ಪಾ, ಇದು ಬರೀ ಆವಾಜ್ ಮಾಡ್ತದೆ, ಖೀಂಚ್ತಾನೇ ಇಲ್ಲ," ಎಂದಳು ಮಗಳು. ಅವಳ ಕನ್ನಡ ಯಾವಾಗಲೂ ಅರ್ಧ ದಾರಿಯಲ್ಲಿ ಹಿಂದಿ ಹತ್ತಿಕೊಳ್ಳುತ್ತದೆ. ನಾನು ಪೇಪರಿನಿಂದ ತಲೆಯೆತ್ತದೆ, "ಶಾಂತವ್ವ ಏನೋ ಮಾಡಿರಬೇಕು," ಎಂದು ತೀರ್ಪು ಕೊಟ್ಟೆ. ಶಾಂತವ್ವ ನಮ್ಮ ಮನೆಗೆಲಸಕ್ಕೆ ಬರುವ, ವಿಜಯಪುರದ ಕಡೆಯ ಹೆಂಗಸು. ಅಡಿಗೆಮನೆಯಲ್ಲಿ ಪಾತ್ರೆಗಳ ಸದ್ದು ಒಂದು ಕ್ಷಣ ನಿಂತು, ಮತ್ತೆ ಸ್ವಲ್ಪ ಜೋರಾಗಿಯೇ ಶುರುವಾಯಿತು.

ಮಷಿನ್ನಿನ ಮುಚ್ಚಳ ತೆಗೆದೆ ನೋಡಿ, ಸಾಗವಾನಿಯ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಹಿಂದಿನ ವಾರ ಬಾಲ್ಕನಿಯಲ್ಲಿ ಹಳೆಯ ಸ್ಟೂಲೊಂದನ್ನು ಉಜ್ಜಿದ್ದೆ, ಅದರ ಪುಡಿ. ಲೋಕಲ್ ಟ್ರೇನೂ ಬೇಡ, ಟಿಕೆಟ್ಟೂ ಬೇಡ, ಆ ವಾಸನೆ ನನ್ನನ್ನು ಸೀದಾ ಕುರ್ಲಾಕ್ಕೆ ಒಯ್ದು ನಿಲ್ಲಿಸಿತು.

ಹದಿನೈದು ವರ್ಷಗಳ ಹಿಂದೆ ಅಲ್ಲಿನ ಒಂದು ಫರ್ನಿಚರ್ ಕಾರ್ಖಾನೆಯಲ್ಲಿ ನಾನು ಮ್ಯಾನೇಜರ್. ಧಾರವಾಡದಲ್ಲಿ ಡಿಗ್ರಿ ಮುಗಿಸಿ ಬಂದಿದ್ದ ನನಗೆ ಮರಗೆಲಸದಲ್ಲಿ ಗೊತ್ತಿದ್ದುದು ಇಷ್ಟೇ: ಕುರ್ಚಿಗೆ ನಾಲ್ಕು ಕಾಲು. ಉಳಿದದ್ದೆಲ್ಲ ಅಲ್ಲಿನ ಹಿರಿಯ ಬಡಗಿ ಮಾನಪ್ಪ ಮೇಸ್ತ್ರಿಯವರ ತಲೆಯಲ್ಲಿತ್ತು. ಕಣ್ಣು ಮುಚ್ಚಿ ಹೊಟ್ಟು ಮೂಸಿದರೆ ಯಾವ ಮರವೆಂದು ಹೇಳಬಲ್ಲವರು. ಅದೇ ಹೊಟ್ಟು ಎದೆಗೂ ಇಳಿದು, ಮರ ಹೆರೆಯಲು ರಂದ ಹಿಡಿದು ನಿಂತರೆ ಕೆಮ್ಮು ಬಿಡುತ್ತಿರಲಿಲ್ಲ. ಆರು ತಿಂಗಳು ಕಾರ್ಖಾನೆಯ ಮಾಲೀಕರಾದ ಸೇಠರ ಬೆನ್ನು ಬಿದ್ದು ನಾನು ಒಂದು ಡಸ್ಟ್ ಕಲೆಕ್ಟರ್ ತರಿಸಿದೆ. ಕೆಳಗೊಂದು ಪ್ಲಾಸ್ಟಿಕ್ ಚೀಲ, ಮೇಲೊಂದು ಬಟ್ಟೆಯ ಚೀಲ, ನಡುವೆ ಫ್ಯಾನು. ಪೈಪಿನಿಂದ ಎಳೆದ ಹೊಟ್ಟು ಕೆಳಗೆ ಬೀಳುತ್ತದೆ, ಗಾಳಿ ಮೇಲಿನ ಬಟ್ಟೆಯಲ್ಲಿ ಸೋಸಿಕೊಂಡು ಹೊರಗೆ ಹೋಗುತ್ತದೆ. ಬಂದ ವಾರದಲ್ಲೇ ಮೇಸ್ತ್ರಿಯವರ ಕೆಮ್ಮು ಅರ್ಧಕ್ಕಿಳಿಯಿತು. ನನ್ನ ಎದೆ ಎರಡು ಅಂಗುಲ ಉಬ್ಬಿತು.

ಅಷ್ಟರಲ್ಲಿ ಖಂಡೇನವಮಿಯ ಆಯುಧಪೂಜೆ ಬಂತು. ಉಳಿಗೆ, ಗರಗಸಕ್ಕೆ, ಮಷಿನ್ನುಗಳಿಗೆ ಎಣ್ಣೆ, ವಿಭೂತಿ, ಚೆಂಡುಹೂವಿನ ಹಾರ. ಈ ಸಡಗರದಲ್ಲಿ ಆ ಬಟ್ಟೆಯ ಚೀಲದ ಕೊಳಕು ನನ್ನ ಕಣ್ಣಿಗೆ ಚುಚ್ಚಿತು. ಪೂಜೆಗೆ ಕೊಳೆಬಟ್ಟೆಯೇ? ನನ್ನ ಅಂಗಿಗಳ ಜೊತೆ ಅದನ್ನೂ ಗಂಟು ಕಟ್ಟಿ ಧೋಬಿಗೆ ಕೊಟ್ಟೆ. "ಸಬ್ ಕಡಕ್?" ಎಂದು ಅವನು ಕೇಳಿದ. ಗಂಜಿಯಿಲ್ಲದ ಅಂಗಿ ನಾನು ತೊಟ್ಟವನೇ ಅಲ್ಲ. "ಸಬ್ ಕಡಕ್," ಎಂದೆ. ಚೀಲ ಮದುಮಗನ ಪಂಚೆಯಂತೆ ಗರಿಗರಿಯಾಗಿ ಮರಳಿತು. ಏಣಿ ಹತ್ತಿ ನಾನೇ ಕಟ್ಟಿ, ಕುಂಕುಮವನ್ನೂ ಹಚ್ಚಿದೆ.

ಹಬ್ಬ ಮುಗಿಸಿ ಮಷಿನ್ ಹಾಕಿದರೆ ಸದ್ದಿದೆ, ಎಳೆತವಿಲ್ಲ. ಹೊಟ್ಟು ಪೂರಾ ಮೇಸ್ತ್ರಿಯವರ ಮೀಸೆಯ ಮೇಲೆ. ಕೆಮ್ಮು ವಾಪಸ್ಸು ಬಂತು. ಸೇಠರು ಬಂದು ನೋಡಿ, "ಶನಿವಾರ್ ತಕ್ ಠೀಕ್ ನಹೀ ಹುವಾ ತೋ ಭಂಗಾರ್!" ಎಂದರು. ಎಂದರೆ, ಶನಿವಾರದೊಳಗೆ ಸರಿಯಾಗದಿದ್ದರೆ ಮಷಿನ್ ಗುಜರಿಗೆ, ಮೇಸ್ತ್ರಿ ಮತ್ತೆ ಮೂಗಿಗೆ ಟವೆಲ್ ಕಟ್ಟಿಕೊಳ್ಳುವ ಕಾಲಕ್ಕೆ.

ನಾನು ತನಿಖೆಗಿಳಿದೆ. ಕೆಳಗಿನ ಚೀಲ ತುಂಬಿದೆಯೇ? ಖಾಲಿ. ಪೈಪು ಕಟ್ಟಿದೆಯೇ? ಕೋಲು ಹಾಕಿ ಕೆದಕಿದಾಗ ಒಂದು ಚೆಂಡುಹೂವು ಮತ್ತು ಯಾರದೋ ಕಾಲುಚೀಲ ಸಿಕ್ಕವು, ಎಳೆತ ಸಿಗಲಿಲ್ಲ. ಗಾಳಿ ಸೋರುವ ಸಂದು ಹುಡುಕಲು, ಪೂಜೆಯಲ್ಲಿ ಉಳಿದ ಊದುಬತ್ತಿ ಹಚ್ಚಿ ಪೈಪಿನ ಉದ್ದಕ್ಕೂ ಹಿಡಿದೆ. ಹೊಗೆ ಒಳಗೆ ಹೋದಲ್ಲೆಲ್ಲ ಟೇಪು ಸುತ್ತಿದೆ. ಹೊಟ್ಟಿಗೆ ಬೆಂಕಿ ಬಿದ್ದೀತೆಂದು ಮೇಸ್ತ್ರಿ ಬಕೆಟ್ ನೀರು ಹಿಡಿದು ಹಿಂದೆಯೇ ಬರುತ್ತಿದ್ದರು. ಅಭಿಷೇಕವೂ ಇದೆ ಎಂದುಕೊಂಡು ಒಬ್ಬ ಪಾಲಿಶ್‌ವಾಲಾ ಕೈಮುಗಿದು ಹೋದ.

ಕೊನೆಗೆ ವೈರ್‌ಮನ್ ದಿನಕರನ ಮೇಲೆ ಬಿದ್ದೆ. ಹಬ್ಬದ ಮೊದಲು ಮಷಿನ್ನಿನ ಸ್ವಿಚ್ ಬದಲಿಸಿದವನು ಅವನೇ. ತಂತಿ ಅದಲುಬದಲಾದರೆ ಫ್ಯಾನು ಉಲ್ಟಾ ತಿರುಗಿ ಎಳೆತ ಕಡಿಮೆಯಾಗುತ್ತದೆಂದು ಎಲ್ಲೋ ಕೇಳಿದ್ದೆ. ಎಲ್ಲರೆದುರು ಬೈದೆ. ಅವನು ಮೋಟಾರಿನ ಮೇಲಿನ ಬಾಣದ ಗುರುತು ತೋರಿಸಿದ. ಫ್ಯಾನು ಸರಿಯಾಗಿಯೇ ತಿರುಗುತ್ತಿತ್ತು. ಆದರೂ ನನ್ನ ಬಾಯಿ ನಿಲ್ಲಲಿಲ್ಲ. ಪೆಟ್ಟಿಗೆ ಎತ್ತಿಕೊಂಡು ಹೋದ ದಿನಕರ ಮತ್ತೆ ಬರಲಿಲ್ಲ.

ಶನಿವಾರ ಬೆಳಿಗ್ಗೆ ಮೇಸ್ತ್ರಿ, "ಸಾಹೇಬ್ರ, ಒಂದೊಂದ ಬಿಚ್ಚಿ ನೋಡೂಣ್ರಿ," ಎಂದು ಮೇಲಿನ ಚೀಲ ಕಳಚಿ, ಮಷಿನ್ ಹಾಕಿ, ಪೈಪಿನ ಬಾಯಿಗೆ ಕಾಗದ ಹಿಡಿದರು. ಕಾಗದ ಫಟ್ಟನೆ ಅಂಟಿತು. ಅಂದರೆ ರೋಗ ಚೀಲದ್ದು. ಬಟ್ಟೆಗೆ ಬಾಯಿ ಹಚ್ಚಿ ಊದಿದರು. ಕೆನ್ನೆ ಉಬ್ಬಿತೇ ಹೊರತು ಉಸಿರು ಆಚೆ ಹೋಗಲಿಲ್ಲ. ಉಗುರಿನಿಂದ ಕೆರೆದು ಮೂಸಿದರು.

"ಇದಕ್ಕ ಗಂಜಿ ಹಾಕಿಸೀರೇನ್ರಿ?"

"ಹಬ್ಬ ಅಂತ..." ಎಂದೆ. ನನ್ನ ಅಂಗಿಯ ಕಾಲರು ಅಂದು ಕತ್ತು ಕೊಯ್ಯುತ್ತಿತ್ತು.

"ಛಲೋ ಆತು ಬಿಡ್ರಿ. ಇಸ್ತ್ರೀನೂ ಮಸ್ತ್ ಮಾಡ್ಯಾನ."

ಬಟ್ಟೆಯ ಕಣ್ಣು ಮುಚ್ಚಿದ್ದ ಗಂಜಿಯನ್ನು ಬಿಸಿನೀರಿನಲ್ಲಿ ಬಿಡಿಸಿ, ಬಿಸಿಲಿಗೆ ಒಣಹಾಕಿ, ಮಧ್ಯಾಹ್ನ ಕಟ್ಟಿದೆವು. ಮಷಿನ್ ಹೊಟ್ಟನ್ನೆಲ್ಲ ಹಸಿದವರಂತೆ ನುಂಗಿತು. ಸೇಠರು ಬಂದು "ಕ್ಯಾ ಥಾ?" ಎಂದರು. ಮೇಸ್ತ್ರಿ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. "ಹವಾ ಕಾ ರಾಸ್ತಾ ಬಂದ್ ಥಾ, ಸೇಠ್," ಎಂದು ಗಾಳಿಯ ದಾರಿ ಕಟ್ಟಿದ್ದನ್ನಷ್ಟೇ ಅವರು ಹೇಳಿದರು. ಸೇಠರು ಹೋದ ಮೇಲೆ ನನಗೆ ಮೆಲ್ಲಗೆ, "ದಿನಕರಗ ಒಂದ ಮಾತ ಹೇಳಿಬಿಡ್ರಿ ಸಾಹೇಬ್ರ," ಎಂದರು. ನಾಳೆ ಹೇಳುತ್ತೇನೆ ಎಂದೆ. ಆ ನಾಳೆ ಹದಿನೈದು ವರ್ಷ ಎಳೆದಿದೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ವ್ಯಾಕ್ಯೂಮ್ ಕ್ಲೀನರಿನಿಂದ ತೆಗೆದು ಕೈಯಲ್ಲಿ ಹಿಡಿದಿದ್ದ ಫಿಲ್ಟರನ್ನು ಈಗ ನೋಡಿದೆ. ಪುಡಿಯೆಲ್ಲ ರೊಟ್ಟಿ ಹಿಟ್ಟಿನಂತೆ ಮೆತ್ತಿಕೊಂಡಿತ್ತು. ಹಿಂದಿನ ವಾರ ಅದನ್ನು ನಲ್ಲಿಯಲ್ಲಿ ತೊಳೆದು, ಒಣಗಲು ಬಿಡದೆ ತುರುಕಿ, ಸ್ಟೂಲಿನ ಪುಡಿ ಎಳೆಸಿದವನು ನಾನೇ. ಎದ್ದು ಅಡಿಗೆಮನೆಗೆ ಹೋದೆ.

"ಶಾಂತವ್ವ, ತಪ್ಪು ನಂದ. ಫಿಲ್ಟರ್ ಹಸಿ ಇದ್ದಾಗನ ಹಾಕಿಬಿಟ್ಟೆ."

ಅವಳು ತಿರುಗಲಿಲ್ಲ. "ಗೊತ್ತೈತ್ರಿ, ನಾ ಅವತ್ತ ನೋಡಿದ್ದೆ. ನೀವಾಗೇ ಹೇಳ್ತೀರೇನೋ ಅಂತ ಸುಮ್ನಿದ್ದೆ," ಎಂದಳು. ಪಾತ್ರೆಗಳ ಸದ್ದು ಕಡಿಮೆಯಾಯಿತು.

ಫಿಲ್ಟರನ್ನು ಬಾಲ್ಕನಿಯ ಬಿಸಿಲಿಗಿಟ್ಟು ಬಂದು, ಕುರ್ಲಾದ ಕಾಲದ ಹಳೆಯ ಡೈರಿ ತೆಗೆದು, ವೈರ್‌ಮನ್ ದಿನಕರನ ನಂಬರು ಹುಡುಕಲು ಕೂತೆ.