ಮಾಳಿಗೆಯ ಮೇಲೆ ನಿಂತ ಆಲಿಕಲ್ಲು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆಲಿಕಲ್ಲು ಬಿದ್ದ ಆ ದಿನ ನಾನು ಸಂತಪುರ ಮುಟ್ಟಿದ್ದು ನಾಲ್ಕು ಗಂಟೆಗೆ ಎಂದು ನನ್ನ ದಿನಚರಿ ಹೇಳುತ್ತದೆ. ನೆನಪಿನಲ್ಲಿ ಮಾತ್ರ ಆಗಲೇ ಸಂಜೆಯ ಕೆಂಪು ಬಿಸಿಲಿದೆ. ಯಾವುದನ್ನು ನಂಬಬೇಕೋ ತಿಳಿಯದು. ನಿವೃತ್ತಿಗೆ ಮೂರು ವರ್ಷ ಉಳಿದಿತ್ತು, ಔರಾದ್ ತಾಲ್ಲೂಕಿನಲ್ಲಿ ಸಹಾಯಕ ಎಂಜಿನಿಯರ್ ಆಗಿದ್ದೆ, ಚಳಿಗಾಲ ಮುಗಿಯುತ್ತ ಬಂದಿತ್ತು. ಇಷ್ಟನ್ನು ಧೈರ್ಯವಾಗಿ ಹೇಳಬಲ್ಲೆ.

ಆ ಚಳಿಗಾಲದಲ್ಲಿ ದುರ್ಬಲ ಮಾಳಿಗೆಗಳ ಪಟ್ಟಿ ಮಾಡುವ ಕೆಲಸ ನನ್ನದಾಗಿತ್ತು. ನಮ್ಮ ಕಡೆಯ ಹಳೆಯ ಮನೆಗಳಿಗೆ ಮಣ್ಣಿನ ಮಾಳಿಗೆ. ದಪ್ಪ ತೊಲೆಗಳ ಮೇಲೆ ಸಣ್ಣ ಜಂತೆಗಳು, ಅವುಗಳ ಮೇಲೆ ಕಟ್ಟಿಗೆಯ ಚಕ್ಕೆ, ಅದರ ಮೇಲೆ ಮಣ್ಣು. ಸುತ್ತ ಗಿಡ್ಡ ಗೋಡೆ, ಗೋಡೆಯ ಒಂದು ಮೂಲೆಯಲ್ಲಿ ತೂತು, ತೂತಿಗೆ ತಗಡಿನ ದೋಣಿ. ನೀರು ಹೊರಗೆ ಬೀಳಲು ಅದೊಂದೇ ದಾರಿ.

ಸಂತಪುರದ ಕಾಶೀಬಾಯಿಯ ಮಾಳಿಗೆಯಲ್ಲಿ ಆ ದಾರಿಗೆ ಹಳೆ ಸೀರೆಯ ತುಂಡು ತುರುಕಿದ್ದರು. ಕೇಳಿದರೆ, "ತೊಗರಿ ಒಣಗಸ್ತೀವಲ್ರಿ ಮೇಡಂ, ಕಾಳು ಉರುಳಿ ದೋಣ್ಯಾಗ ಹೋಗ್ತಾವ" ಎಂದಳು. ನೀರಿನ ದಾರಿ ಹೀಗೆ ಮುಚ್ಚಬಾರದೆಂದು ಗದರಿದೆ. ಮುಂದಿನ ಸಲ ಹೋಗುವಾಗ ಔರಾದಿನಿಂದ ಸಣ್ಣ ಕಣ್ಣಿನ ತಂತಿ ಜಾಳಿಗೆಯ ತುಂಡು ಒಯ್ದು, ಬಟ್ಟೆ ತೆಗೆಸಿ, ನಾನೇ ನಿಂತು ಬಿಗಿಸಿದೆ. ಕಾಳು ಹೋಗುವುದಿಲ್ಲ, ನೀರು ನಿಲ್ಲುವುದಿಲ್ಲ. ನನಗೆ ಹೆಮ್ಮೆಯಾಗಿತ್ತು ಎಂದೇ ಕಾಣುತ್ತದೆ. ದಿನಚರಿಯಲ್ಲಿ ಜಾಳಿಗೆಯ ಚಿತ್ರವನ್ನೂ ಬರೆದುಕೊಂಡಿದ್ದೇನೆ.

ಸುಮಾರು ಒಂದು ತಿಂಗಳ ನಂತರ, ಒಂದು ಮಧ್ಯಾಹ್ನ, ಆಲಿಕಲ್ಲು ಮಳೆ ಹೊಡೆಯಿತು. ಮಳೆ ನಿಂತ ಸ್ವಲ್ಪ ಹೊತ್ತಿಗೆ ಕಾಶೀಬಾಯಿಯ ನೆರೆಯವರಾದ ಗಫೂರಸಾಬರ ಫೋನ್ ಬಂತು. ಅವರದು ತಗಡಿನ ಡಬ್ಬಿ, ಪೆಟ್ಟಿಗೆ ಮಾಡುವ ಕೆಲಸ.

"ಮೇಡಂ, ಕಾಶೀಬಾಯಿ ಮಾಳಗಿ ಮ್ಯಾಲ ಬರಫಿನ ಗುಡ್ಡ ಆಗ್ಯದ. ತೊಲಿ ಕಟಕಟ ಅನ್ಲಿಕತ್ತದ. ಒಳಗ ಬಾಣಂತಿ ಮಲಗ್ಯಾಳ, ಜಲ್ದಿ ಬರ್ರಿ."

ಜೀಪು ಸಂತಪುರಕ್ಕೆ ಹೋದಾಗ ಓಣಿಯೆಲ್ಲ ಬೆಳ್ಳಗಿತ್ತು. ಹೊರಗಿನಿಂದ ಏಣಿ ಹಚ್ಚಿ ನೋಡಿದೆ. ಗಫೂರಸಾಬರು ಆ ವರ್ಷವೇ ತಮ್ಮ ಮನೆಗೆ ಇಳಿಜಾರಾಗಿ ತಗಡು ಹೊದಿಸಿದ್ದರು. ಅದರ ಮೇಲೆ ಬಿದ್ದ ಕಲ್ಲೆಲ್ಲ ಜಾರಿ ಕಾಶೀಬಾಯಿಯ ತಗ್ಗಿನ ಮಾಳಿಗೆಗೆ ಬಂದು ರಾಶಿ ಬಿದ್ದಿತ್ತು. ರಾಶಿಯ ಕೆಳಗೆ ನೀರು. ಒಂದು ಚದರ ಮೀಟರಿನಲ್ಲಿ ಗೇಣು ನೀರು ನಿಂತರೆ ಇನ್ನೂರು ಕಿಲೋ ದಾಟುತ್ತದೆ. ನೆನೆದ ಮಣ್ಣಿನ ಭಾರ ಬೇರೆ. ನೀರು ಯಾಕೆ ನಿಂತಿದೆ ಎಂದು ಮೂಲೆಗೆ ಕಣ್ಣು ಹಾಯಿಸಿದೆ. ನನ್ನ ಜಾಳಿಗೆಗೆ ಆಲಿಕಲ್ಲು ಒಂದಕ್ಕೊಂದು ಹತ್ತಿ ಗಟ್ಟಿ ಗೋಡೆಯಾಗಿತ್ತು.

ಕೆಳಗಿನಿಂದ ಯಾರೋ ಉಪ್ಪು ಎರಚಿರಿ ಎಂದರು, ಇನ್ನೊಬ್ಬರು ಬಿಸಿನೀರು ಸುರಿಯಿರಿ ಎಂದರು. ಎರಡನ್ನೂ ಬೇಡವೆಂದೆ. ಕರಗಿದ್ದೆಲ್ಲ ಮಣ್ಣಿಗೇ ಇಳಿಯುತ್ತದೆ. ಮಂಜುಗಡ್ಡೆ ಮಂಜುಗಡ್ಡೆಯಾಗಿಯೇ ಹೊರಗೆ ಹೋಗಬೇಕು. ಅದಕ್ಕಿಂತ ಮೊದಲು ಒಳಗಿದ್ದವರು ಹೊರಗೆ ಬರಬೇಕು.

ಒಳಗೆ ಕಾಶೀಬಾಯಿಯ ಮಗಳು ಸುನೀತಾ, ಅವಳ ಮಗ್ಗುಲಲ್ಲಿ ಹನ್ನೆರಡು ದಿನದ ಕೂಸು. ನಡುವಿನ ತೊಲೆ ಬಾಗಿ, ಮಣ್ಣು ಉದುರುತ್ತಿತ್ತು. ಕಾಶೀಬಾಯಿ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಇಂಥಾ ಥಂಡ್ಯಾಗ ಬಾಣಂತಿನ್ನ ಹ್ಯಾಂಗ ಹೊರಗ ಕಳಸ್ಲಿ? ತಿಂಗಳ ತನಕ ಹೊಸ್ತಲಾ ದಾಟ್ಬಾರ್ದರಿ."

"ಮಾಳಿಗೆ ಬಿದ್ದರೆ ಹೊಸ್ತಿಲೂ ಉಳಿಯೋದಿಲ್ಲ, ಕಾಶೀಬಾಯಿ" ಎಂದೆ. ಅವಳು ಸರಿಯಲಿಲ್ಲ.

ಗಫೂರಸಾಬರು ಹಿಂದಿನಿಂದ, "ಅಕ್ಕಾ, ನಮ್ಮ ಖೋಲ್ಯಾಗ ಒಲಿ ಹತ್ಯದ, ಬೆಚ್ಚಗದ. ಫಾತಿಮಾ ಹಾಸಗಿ ಹಾಸ್ಯಾಳ" ಎಂದರು. ಫಾತಿಮಾ ಅವರ ಹೆಂಡತಿ.

"ನಿನ್ನ ತಗಡಿಂದನ ಇಷ್ಟೂ ಬರಫ್ ನನ್ನ ಮ್ಯಾಲ ಬಂದದ. ಈಗ ಉಪಕಾರ ಮಾಡ್ಲಿಕ್ಕ ಬಂದಿ."

"ಹೌದಕ್ಕ, ನಮ್ಮ ಮನಿ ಬರಫ್ ನಿಮ್ಮ ಮನಿಗಿ ಬಂತು. ನಿಮ್ಮ ಮೊಮ್ಮಗ ನಮ್ಮ ಮನಿಗಿ ಬರ್ಲಿ. ಹಿಸಾಬ್ ಬರೋಬರ್."

ಕಾಶೀಬಾಯಿ ನಕ್ಕಳೋ ಅತ್ತಳೋ, ನನಗೆ ಸರಿಯಾಗಿ ನೆನಪಿಲ್ಲ. ಆದರೆ ಬಾಗಿಲು ಬಿಟ್ಟಳು. ನಾಲ್ವರು ಹೆಂಗಸರು ಕಂಬಳಿಯನ್ನು ಚಪ್ಪರದ ಹಾಗೆ ಎತ್ತಿ ಹಿಡಿದರು. ಅದರ ಕೆಳಗೆ ಸುನೀತಾ ಕಿವಿಗೆ ಬಟ್ಟೆ ಕಟ್ಟಿಕೊಂಡು ನಡೆದಳು, ಅವಳ ಹಿಂದೆ ಕೂಸನ್ನು ಎದೆಗವಚಿಕೊಂಡು ಕಾಶೀಬಾಯಿ.

ಮನೆ ಖಾಲಿಯಾದ ಮೇಲೆ ಬಾಗಿದ ತೊಲೆಗೆ ಕೆಳಗಿನಿಂದ ಎರಡು ಕಂಬ ಆನಿಸಿದೆವು. ಮಾಳಿಗೆಯ ಮೇಲೆ ಯಾರೂ ಕಾಲಿಡಬಾರದೆಂದು ಹೇಳಿದೆ. ಗಫೂರಸಾಬರು ಏಣಿಯ ಮೇಲೆ ನಿಂತೇ ತಗಡು ಕತ್ತರಿಯಿಂದ ಜಾಳಿಗೆ ಕತ್ತರಿಸಿದರು.

"ಭಾರಿ ಗಟ್ಟಿ ಕಟ್ಟೀರಿ ಮೇಡಂ. ಕಾಳಲ್ಲ, ನೀರೂ ದಾಟಿಲ್ಲ" ಎಂದರು.

ದೋಣಿಯಿಂದ ನೀರು ಧುಮುಕಿತು. ಉದ್ದ ಕೋಲಿಗೆ ಹಲಗೆ ಕಟ್ಟಿ, ಗೋಡೆಯ ಹೊರಗಿನಿಂದಲೇ ಮಂಜುಗಡ್ಡೆಯನ್ನು ಅಂಗಳಕ್ಕೆ ಎಳೆದು ಹಾಕಿದೆವು. ಹೊತ್ತು ಮುಳುಗುವ ಮೊದಲು ತೊಲೆಯ ಸದ್ದು ನಿಂತಿತು. ಗಫೂರಸಾಬರ ಮನೆಯ ಒಳಗಿನಿಂದ ಕೂಸು ಜೋರಾಗಿ ಅಳುವುದು ಕೇಳಿಸಿತು. ಅಲ್ಲೇ ಒದ್ದೆ ಕಟ್ಟೆಯ ಮೇಲೆ ಕೂತುಬಿಟ್ಟೆ.

ಕಾಶೀಬಾಯಿ ಚಹಾ ತಂದು ಕೊಟ್ಟು ಪಕ್ಕದಲ್ಲಿ ಕೂತಳು. ಬೈಯಲಿಲ್ಲ. "ಆ ಬಟ್ಟಿಗಿ ಉದ್ದನ್ನ ಬಾಲ ಇತ್ತರಿ, ದೋಣ್ಯಾಗಿಂದ ಕೆಳಗ ಜೋತ ಬಿಟ್ಟಿದ್ವಿ. ಮಳಿ ಮ್ವಾಡ ಆತಂದ್ರ ಅಂಗಳದಾಗ ನಿಂತ ಜಗ್ಗತಿದ್ವಿ, ಬಿಚ್ಚತಿತ್ತು. ಇವತ್ತೂ ಓಡಿ ಹೋಗಿ ಕೈ ಮಾಡ್ದೆ. ಬಾಲ ಇರ್ಲಿಲ್ಲ" ಎಂದಳು.

ಆ ಬಾಲವನ್ನು ನಾನು ನೋಡಿದ್ದೆನೇ? ನೋಡಿ, ಹರಕು ಬಟ್ಟೆ ಎಂದುಕೊಂಡೆನೇ? ಎಷ್ಟು ಯೋಚಿಸಿದರೂ ಹೊಳೆಯುವುದಿಲ್ಲ. ವರದಿಯಲ್ಲಿ 'ನೀರಿನ ದಾರಿ ಕಟ್ಟಿಕೊಂಡಿತ್ತು' ಎಂದು ಬರೆದೆ. ಕಟ್ಟಿದವರು ಯಾರೆಂದು ಬರೆಯಲಿಲ್ಲ. ಮರುದಿನ ಆ ಹಾಳೆ ತೆಗೆದು, ನನ್ನ ಹೆಸರು ಸೇರಿಸಿ ಮತ್ತೆ ಬರೆದೆ. ಅದಾದ ಮೇಲೆ ಯಾವ ಮನೆಯಲ್ಲೂ, ಹೀಗೆ ಮಾಡಿದ್ದು ಯಾಕೆ, ಮಳೆ ಬಂದಾಗ ಏನು ಮಾಡುತ್ತೀರಿ ಎಂದು ಪೂರ್ತಿ ಕೇಳದೆ ಏನನ್ನೂ ಬಿಚ್ಚಿಸಿಲ್ಲ. ಕೊಟ್ಟ ಸಲಹೆ ಏನಾಯಿತೆಂದು ನೋಡಲು ಮತ್ತೊಮ್ಮೆ ಹೋಗುವುದನ್ನೂ ಆ ಘಟನೆಯೇ ಕಲಿಸಿತು.

ಹಾಗೆ ನೋಡಲು ಹೋದ ಮೊದಲ ಮನೆ ಭಾಲ್ಕಿಯಲ್ಲಿರುವ ನನ್ನ ಚಿಕ್ಕಮ್ಮನದು. ಎಷ್ಟೋ ವರ್ಷಗಳ ಹಿಂದೆ ಅವಳ ಮಾಳಿಗೆಗೂ ಇಂಥದೇ ಜಾಳಿಗೆ ಹಾಕಿಸಿದ್ದೆ. ಮೇಲೆ ಹತ್ತಿ ನೋಡಿದರೆ ಜಾಳಿಗೆ ಇರಲಿಲ್ಲ. ತೂತಿನಲ್ಲಿ ಸೀರೆಯ ತುಂಡು, ಅದರ ಬಾಲ ಅಂಗಳದತ್ತ ಜೋತಿತ್ತು. ಜಾಳಿಗೆ ಅಡುಗೆಮನೆಯ ಕಿಟಕಿಯಲ್ಲಿ ಬೆಕ್ಕಿಗೆ ಅಡ್ಡವಾಗಿ ಕೂತಿತ್ತು. ಯಾವಾಗ ತೆಗೆದಳೆಂದು ಕೇಳಿದೆ. ಹಾಕಿದ ವರ್ಷವೇ ಎಂದಳು, ಕಸ ಸಿಕ್ಕು ನೀರು ನಿಂತಿತ್ತಂತೆ. ಇಷ್ಟು ಹೇಳಿ ಬೆಕ್ಕನ್ನು ಓಡಿಸಲು ಎದ್ದಳು.

"ಚಿಕ್ಕಮ್ಮಾ, ಅವತ್ತೇ ನನಗ್ಯಾಕ ಹೇಳ್ಲಿಲ್ಲ?"