ಹತ್ತೊಂಬತ್ತು ದಿನದ ದೊರೆ ಮತ್ತು ಎರಡು ಬಾಕು

ಮುಬಾರಕ್ ಚಾವುಷ್ ಹತ್ತೊಂಬತ್ತು ದಿನ ಆಳಿದ. ನಗಬೇಡಿ, ನಿಜವಾಗಿಯೂ ಆಳಿದ. ನಿಜಾಮರ ಫೌಜಿಗೆಂದು ಹಡಗು ಹತ್ತಿ ಬಂದ ಅರಬರ ಮರಿಮಕ್ಕಳು ಹೈದರಾಬಾದಿನ ಬಾರ್ಕಸ್ ಎಂಬ ಮೊಹಲ್ಲಾದಲ್ಲಿದ್ದಾರೆ. ಮುಬಾರಕನ ಕುಲದವರಿಗೆ ಇವತ್ತಿಗೂ ಒಬ್ಬ ಮುಖದ್ದಮ್, ಅಂದರೆ ನ್ಯಾಯ ಹೇಳುವ ಯಜಮಾನ, ಬೇಕು. ಸರ್ಕಾರ ಅವನನ್ನು ಮೂಸಿಯೂ ನೋಡುವುದಿಲ್ಲ. ಆದರೆ ಅವನ ಮಾತು ಮೀರಿದವನ ಮನೆಯ ಮದುವೆಗೆ ಒಂದು ನರಪಿಳ್ಳೆಯೂ ಹೋಗುವುದಿಲ್ಲ. ಹಳೆಯ ಮುಖದ್ದಮ್ ತೀರಿಕೊಂಡಾಗ ಎರಡು ದೊಡ್ಡ ಮನೆತನಗಳು ಗಾದಿಗಾಗಿ ಜಗ್ಗಾಡಿ, ಯಾರೂ ಸೋಲದೆ, ಕೊನೆಗೆ ಯಾರ ಲೆಕ್ಕಕ್ಕೂ ಇಲ್ಲದವನನ್ನು ತಂದು ಕೂರಿಸಿದವು. ಅವನೇ ಮುಬಾರಕ್. ಹುಟ್ಟಿದ್ದು ಶಹಾಪುರದಲ್ಲಿ, ಮೂವತ್ತು ವರ್ಷದಿಂದ ಸುಲ್ತಾನ್ ಬಜಾರಿನಲ್ಲಿ ಪೇರಲಹಣ್ಣಿನ ಗಾಡಿ ನೂಕುವವನು.

ದೊರೆಯ ಕೆಲಸವೆಂದರೆ ಕೂರುವುದು. ಬೆಳಗಿನಿಂದ ಸಂಜೆಯತನಕ ಗಾದಿಯ ಮೇಲೆ ಕೂತು, ಕಹವಾ ಕುಡಿದು, ಬಂದವರ ತಕರಾರು ಕೇಳಬೇಕು. ಮುಬಾರಕನಿಗೆ ಜನ್ಮದಲ್ಲಿ ಬಾರದ್ದು ಅದೊಂದೇ. ಮೂರನೆಯ ದಿನಕ್ಕೇ ಅಂಗಾಲು ಉರಿಯತೊಡಗಿತು. ಮಾತಿನ ನಡುವೆ ಎದ್ದು ಕಿಟಕಿಯವರೆಗೆ ಹೋಗಿ ಬರುವುದು, ಮತ್ತೆ ಕೂರುವುದು, ಮತ್ತೆ ಏಳುವುದು. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಐದನೆಯ ದಿನ ಅವದ್ ಮತ್ತು ಸಾಲೆಹ್ ಬಂದರು. ಒಡಹುಟ್ಟಿದವರು, ಇವನ ಹಾಗೆಯೇ ಶಹಾಪುರದ ಕಡೆಯವರು. ಬಾರ್ಕಸ್‌ನಲ್ಲಿರುವ ಅಪ್ಪನ ಮನೆಯ ಅಂಗಳದ ನಡುವೆ ಅವದ್ ಗೋಡೆ ಎಬ್ಬಿಸುತ್ತಿದ್ದ, ಸಾಲೆಹ್ ಕೆಡವುತ್ತಿದ್ದ. ಹಿಂದಿನ ವಾರ ಇಬ್ಬರೂ ಬಾಕು ಹಿರಿದಿದ್ದರು. ಕುಲದ ರಿವಾಜಿನಂತೆ ಇಬ್ಬರೂ ತಮ್ಮ ತಮ್ಮ ಬಾಕುವನ್ನು ಒರೆಯ ಸಮೇತ ಮುಖದ್ದಮನ ಕೈಗಿಟ್ಟರು. ತೀರ್ಪು ಹೇಳಿ, ಅದೇ ಕೈಯಿಂದ ಅವನು ತಿರುಗಿ ಕೊಡುವತನಕ ಇಬ್ಬರೂ ಕೈಯೆತ್ತುವಂತಿಲ್ಲ. ಒತ್ತೆಯ ಬಾಕುವನ್ನು ಮುಖದ್ದಮನೂ ಒರೆಯಿಂದ ತೆಗೆಯುವಂತಿಲ್ಲ, ಬಿಟ್ಟು ಹೋಗುವಂತಿಲ್ಲ. ತೆಗೆದರೆ ಗಾದಿ ಹೋಯಿತು.

"ಚಾಚಾ, ಗ್ವಾಡಿ ಯಾರದು ಅಂತ ಹೇಳಿಬಿಡ್ರಿ. ಆಮ್ಯಾಗ ನಾ ನೋಡ್ಕೋತೀನಿ," ಎಂದ ಸಾಲೆಹ್.

ಆಮೇಲೆ ನೋಡಿಕೊಳ್ಳುವುದು ಎಂದರೆ ಏನೆಂದು ಮುಬಾರಕನಿಗೆ ಚೆನ್ನಾಗಿ ಗೊತ್ತಿತ್ತು. ಶಹಾಪುರದಲ್ಲಿ ಒಂದು ಬೇವಿನ ಮರಕ್ಕಾಗಿ ತಮ್ಮ ಯಸ್ಲಮನ ಮೇಲೆ ಪಂಚಾಯ್ತಿ ಹೂಡಿ ಗೆದ್ದವನು ಅವನು. ಯಸ್ಲಮ್ ಅವತ್ತೇ ಊರು ಬಿಟ್ಟ. ಅವನು ಸತ್ತ ಸುದ್ದಿ ಬಂದದ್ದು ಮೂರು ತಿಂಗಳು ತಡವಾಗಿ, ಅದೂ ಯಾರೋ ಲಾರಿ ಡ್ರೈವರನ ಬಾಯಿಂದ. ಗೆದ್ದ ಮರದ ನೆರಳಲ್ಲಿ ಮುಬಾರಕ್ ಒಂದು ದಿನವೂ ಕೂರಲಿಲ್ಲ, ಆಗಿನಿಂದ ಎಲ್ಲಿಯೂ ನೆಟ್ಟಗೆ ಕೂತಿಲ್ಲ.

ತೀರ್ಪನ್ನು ಇವತ್ತು ನಾಳೆ ಎಂದು ತಳ್ಳಿದ. ಹಿರಿಯರಿಗೆ ತಲೆ ಕೆಟ್ಟಿತು. "ಬರುವ ಶುಕ್ರವಾರ ನಮಾಜಿನ ನಂತರ ಹೇಳಲೇಬೇಕು," ಎಂದರು. ಅವದನ ಕಡೆ ಹೇಳಿದರೆ ಸಾಲೆಹ್ ಬಿಡುವುದಿಲ್ಲ, ಸಾಲೆಹನ ಕಡೆ ಹೇಳಿದರೆ ಅವದ್ ಬಿಡುವುದಿಲ್ಲ. ಹೇಗೆ ನೋಡಿದರೂ ಒಂದು ಹೆಣ.

ಶುಕ್ರವಾರ, ಅಂದರೆ ಹತ್ತೊಂಬತ್ತನೆಯ ದಿನ, ಬೆಳಗ್ಗೆಯೇ ಬುಟ್ಟಿಯ ತಳಕ್ಕೆ ಎರಡೂ ಬಾಕು ಇಟ್ಟು, ಮೇಲೆ ಪೇರಲ ಸುರಿದು, ಆಟೋ ಹತ್ತಿ ಸುಲ್ತಾನ್ ಬಜಾರಿಗೆ ಓಡಿ ಬಂದ.

"ಯವ್ವಾ, ದೊರಿ ಬಂದ ನೋಡ್ರಿ!" ಎಂದಳು ಪಕ್ಕದಲ್ಲಿ ಕಾಯಿಪಲ್ಲೆ ಮಾರುವ ಯಾದಗಿರಿಯ ಬಂಡೆಮ್ಮ. "ಗಾದಿ ಮ್ಯಾಲ ಮುಳ್ಳು ಎದ್ದಾವೇನು ಮುಬಾರಕಣ್ಣಾ?"

"ಸುಮ್ಕಿರಬೇ. ಒಂದೀಟು ತಿರುಗಾಡಿ ಹೊಕ್ಕೀನಿ."

ಗಾಡಿಯನ್ನು ಆ ತುದಿಗೆ ನೂಕಿದ, ಈ ತುದಿಗೆ ನೂಕಿದ. ನಮಾಜಿನ ಹೊತ್ತು ಹತ್ತಿರ ಬರುತ್ತಿತ್ತು. ಅಷ್ಟರಲ್ಲಿ ಬಟ್ಟೆ ಕೊಳ್ಳಲು ಬಂದಿದ್ದ ಬಾರ್ಕಸ್‌ನವರು ನಾಲ್ಕು ಜನ ಕಣ್ಣಿಗೆ ಬಿದ್ದರು. ಒಬ್ಬಾಕೆ ಗಿರಾಕಿ ಹಣ್ಣು ಸೀಳಿ ಉಪ್ಪುಖಾರ ಹಚ್ಚಿಕೊಡೆಂದಳು. ಮುಬಾರಕನ ಕೈ ಬುಟ್ಟಿಯ ತಳಕ್ಕೆ ಹೋಯಿತು. ಅವದನ ಬಾಕುವನ್ನು ಸರ್ರನೆ ಹಿರಿದು, ಆ ನಾಲ್ವರ ಎದುರಿಗೇ ಪೇರಲವನ್ನು ನಾಲ್ಕು ಹೋಳು ಮಾಡಿದ.

ಸಂಜೆಯೊಳಗೆ ಮುಖದ್ದಮನ ಮುಂಡಾಸು ಕಿತ್ತುಕೊಂಡು ಗಾದಿಯಿಂದ ಇಳಿಸಿದರು. ಕುಲದ ಮಾನವನ್ನು ಹಣ್ಣಿನ ಹಾಗೆ ಹೆಚ್ಚಿದನೆಂದು ಹಿರಿಯರು ಉಗಿದರು. ಉಗಿದು ಮುಗಿದ ಮೇಲೆ ಯಾರಿಗೋ ನೆನಪಾಯಿತು: ಬಾಕು?

ಇಸಿದುಕೊಂಡ ಕೈಯೇ ಕೊಡಬೇಕು. ತೀರ್ಪು ಹೇಳದೆ ಕೊಡುವಂತಿಲ್ಲ. ಮುಖದ್ದಮ್ ಅಲ್ಲದವನು ತೀರ್ಪು ಹೇಳುವಂತಿಲ್ಲ. ಹಿರಿಯರು ರಿವಾಜನ್ನು ಹಿಂದೆ ಮುಂದೆ ತಿರುವಿ ನೋಡಿದರು, ದಾರಿ ಸಿಗಲಿಲ್ಲ. ಹೊಸ ಮುಖದ್ದಮನೂ ಕೈ ಚೆಲ್ಲಿದ. ಬಾಕು ತಿರುಗಿ ಬಾರದೆ ಅಣ್ಣತಮ್ಮಂದಿರು ಕೈಯೆತ್ತುವಂತೆಯೂ ಇಲ್ಲ.

ಮರುದಿನ ಬಂಡೆಮ್ಮ ಕೇಳಿಯೇಬಿಟ್ಟಳು. "ಹಣ್ಣು ಹೆಚ್ಚೋ ಚಾಕು ನಿನ್ನ ಸೊಂಟದಾಗೇ ಇತ್ತಲ್ಲೋ ಅಣ್ಣಾ! ನಾ ನೋಡೀನಿ."

"ಇತ್ತು. ಮೊಂಡ ಆಗಿತ್ತು," ಎಂದ ಮುಬಾರಕ್.

ಇದಾಗಿ ನಾಲ್ಕು ವರ್ಷ. ಗೋಡೆ ಸೊಂಟದ ಎತ್ತರಕ್ಕೇ ನಿಂತಿದೆ. ಮುಬಾರಕನಿಗೆ ಅರವತ್ತೇಳು, ಮಂಡಿ ಹಿಡಿದಿದೆ, ಬುಟ್ಟಿಯ ತಳದಲ್ಲಿ ಬಾಕು ಹಾಗೇ ಇವೆ. ಮೊನ್ನೆ ಸಾಲೆಹ್ ಕಣ್ಣು ಕೆಂಪಗೆ ಮಾಡಿಕೊಂಡು ಗಾಡಿಗೆ ಅಡ್ಡ ನಿಂತ.

"ನನ್ನ ಬಾಕು ಕೊಡ್ರಿ ಚಾಚಾ. ಇವತ್ತ ಅವನ್ನ ಬಿಡಂಗಿಲ್ಲ."

"ನಾ ಈಗ ಯಾರಪ್ಪಾ, ಹಣ್ಣು ಮಾರಾಂವ. ಹಣ್ಣ ಕೊಡ್ತೀನಿ, ತಗೋ." ಮೊಂಡ ಚಾಕುವಿನಿಂದ ಒಂದು ಪೇರಲವನ್ನು ಕಷ್ಟಪಟ್ಟು ಎರಡು ಹೋಳು ಮಾಡಿ ಕೈಗಿಟ್ಟ. "ಒಂದು ನಿನಗ. ಒಂದು ಅವದಗ. ನನ್ನ ತಮ್ಮಗ ನಾ ಕೊಡಲಿಲ್ಲೋ ಮಾರಾಯ, ಇವತ್ತಿಗೂ ಹೊಟ್ಯಾಗ ಉರೀತೈತಿ."

ಸಾಲೆಹ್ ತನ್ನ ಹೋಳು ತಿಂದ. ಇನ್ನೊಂದನ್ನು ಕರವಸ್ತ್ರದಲ್ಲಿ ಸುತ್ತಿ, ಬಾರ್ಕಸ್ ಬಸ್ಸಿನ ಕಡೆ ಹೋದ.

ಬಂಡೆಮ್ಮ ತಾನು ಕೂತಿದ್ದ ಗೋಣಿಚೀಲವನ್ನು ಮುಬಾರಕನತ್ತ ಸರಿಸಿದಳು. "ಒಂದೀಟು ಕುಂಡ್ರೋ ಅಣ್ಣಾ."

"ಕುಂತ್ರ ತೀರ್ಪು ಕೇಳಾಕ ಬರ್ತಾರಬೇ," ಎಂದು ಗಾಡಿ ನೂಕಿದ.